ಕೋಚ್ ಸಾಹೇಬರೂ ದೊಡ್ಡ ವ್ಯಾನೂ

ದೋಹಾದ ಒಂದು ಫುಟ್‌ಬಾಲ್ ಕ್ಲಬ್ಬಿಗೆ ಡ್ರೈವರ್ ಆಗಿ ಸೇರಿದ ಮೇಲೆ ಇಂಥದ್ದೇನಾದರೂ ಆಗದ ವಾರವೇ ಇಲ್ಲ ಮಾರಾಯ್ರೆ. ಈ ಸಲದ ಕೋಚ್ ಫ್ರಾನ್ಸಿನವರು. ಒಂದು ಕಾಲದ ದೊಡ್ಡ ಸ್ಟ್ರೈಕರ್, ಗೋಲು ಹೊಡೆಯುವುದೇ ಅವರ ಕಸುಬು. ಆಟ ಬಿಟ್ಟು ಕೋಚ್ ಆದರೂ ಆ ಚಾಳಿ ಬಿಟ್ಟಿರಲಿಲ್ಲ.

೧. ಮನ್ಸೂರಾದ ಟ್ರಾಫಿಕ್

ಮೊದಲ ದಿನವೇ ಅಲ್ ಮನ್ಸೂರಾದಲ್ಲಿ ಸಿಕ್ಕಿಬಿದ್ದೆವು. ಹಿಂದಿನ ಸೀಟಿನಿಂದ ಅವರದ್ದು ಒಂದೇ ರಗಳೆ.

"ಎಡಕ್ಕೆ ಗ್ಯಾಪ್ ಇದೆ, ನುಗ್ಗು. ಛೇ, ಚಾನ್ಸ್ ಹೋಯ್ತು."

ಕೊನೆಗೆ ಹೇಳಿಯೇಬಿಟ್ಟೆ, "ಸರ್, ನಿಮಗೆ ಗ್ಯಾಪ್ ಕಾಣ್ತದೆ, ನನಗೆ ಕ್ಯಾಮೆರಾ ಕಾಣ್ತದೆ."

ಮರುದಿನದಿಂದ ಅವರು ಮುಂದಿನ ಸೀಟಿಗೆ ಬಂದರು, ಕ್ಯಾಮೆರಾ ಹುಡುಕಲಿಕ್ಕೆ.

೨. ಹೀಗೆ ಹೊಡೆಯಬೇಕು

ಟೀಮು ಸೋಲುತ್ತಲೇ ಹೋಯಿತು. ಕ್ಲಬ್ಬಿನ ಯಜಮಾನರು, ನಾವು ಮುದೀರ್ ಅನ್ನುವವರು, ಕೋಚನ್ನು ಕರೆಸಿ, "ಮುಂದಿನ ಮ್ಯಾಚ್ ಸೋತರೆ ಖಲಾಸ್" ಅಂದರಂತೆ. ಪ್ರಾಕ್ಟೀಸಿನಲ್ಲಿ ಒಬ್ಬ ಆಟಗಾರ ಖಾಲಿ ಗೋಲಿಗೂ ಹೊಡೆಯಲಾರದೆ ಚೆಂಡನ್ನು ಮೇಲೆ ಹಾರಿಸಿದ. ಕೋಚಿಗೆ ತಡೆಯಲಿಲ್ಲ. "ಸರೀ, ಹೀಗೆ" ಅಂತ ತಾವೇ ಒದ್ದರು. ಚೆಂಡು ಗೋಲಿನ ಮೇಲಿಂದ ಬೇಲಿ ದಾಟಿ, ನಾನು ತೊಳೆದು ನಿಲ್ಲಿಸಿದ್ದ ಕಾರಿನ ಗಾಜು ಒಡೆಯಿತು.

ಕೋಚ್ ಗಂಭೀರವಾಗಿ ಆಟಗಾರನ ಕಡೆ ತಿರುಗಿದರು. "ನೋಡಿದೆಯಾ, ನೀನು ಮಾಡುವ ತಪ್ಪು ಇದೇ."

೩. ದೊಡ್ಡ ವ್ಯಾನು

ಕಾರು ಗ್ಯಾರೇಜಿಗೆ ಹೋಯಿತು. ನಮ್ಮ ಕ್ಲಬ್ಬಿನಲ್ಲೊಂದು ಪದ್ಧತಿ. ಕೋಚಿಗೆ ದಿನಾ ಸಣ್ಣ ಕಾರು. ಕೆಲಸದಿಂದ ತೆಗೆದ ದಿನ ಮಾತ್ರ ದೊಡ್ಡ ವ್ಯಾನು, ಹೆಂಡತಿ, ಮಕ್ಕಳು, ಪೆಟ್ಟಿಗೆ ಸಮೇತ ಏರ್‌ಪೋರ್ಟಿಗೆ. ಹಿಂದಿನ ಕೋಚನ್ನು ಹಾಗೆ ಬಿಟ್ಟು ಬಂದವನು ನಾನೇ, ಆ ಕತೆಯನ್ನು ಇವರಿಗೂ ಹೇಳಿದ್ದೆ. ಆ ಮ್ಯಾಚಿನ ದಿನ ಕೋಚ್ ಟೀಮಿನ ಬಸ್ಸಿನಲ್ಲಿ ಮೊದಲೇ ಹೋಗಿದ್ದರು. ಅವರನ್ನು ಮನೆಗೆ ಕರೆತರಲು ಬೇರೆ ಗಾಡಿ ಸಿಗದೆ ವ್ಯಾನನ್ನೇ ಸ್ಟೇಡಿಯಮ್ಮಿಗೆ ತಂದು ನಿಲ್ಲಿಸಿದೆ.

ಅರ್ಧ ಆಟಕ್ಕೆ ನಾವು ಒಂದು ಗೋಲು ಹಿಂದೆ. ಕೋಚ್ ಗಾಳಿಗೆಂದು ಹೊರಬಂದವರು ವ್ಯಾನು ನೋಡಿ ನಿಂತೇಬಿಟ್ಟರು. ಮುಖದಲ್ಲಿ ರಕ್ತವಿಲ್ಲ. ನಾನು ಓಡಿ ಹೋಗಿ ವಿಷಯ ಹೇಳೋಣವೆಂದರೆ ಸೆಕ್ಯುರಿಟಿಯವ ಗೇಟು ದಾಟಲು ಬಿಡಲಿಲ್ಲ. ಒಳ್ಳೆಯ ಮನುಷ್ಯ, ಅವರು ಹೋಗುವುದು ನನಗೆ ಬೇಡವಾಗಿತ್ತು.

ಒಳಗೆ ಹೋದವರೇ ಡಿಫೆಂಡರುಗಳನ್ನು ಕೂರಿಸಿ ಇದ್ದಬದ್ದ ಸ್ಟ್ರೈಕರುಗಳನ್ನೆಲ್ಲ ಮೈದಾನಕ್ಕಿಳಿಸಿದರು. "ಹೇಗೂ ನನ್ನ ಕತೆ ಮುಗಿದಿದೆ, ಯಲ್ಲಾ, ನಡೀರಿ, ಹೊಡೀರಿ" ಅಂದರಂತೆ. ನಮ್ಮವರು ಎರಡು ಗೋಲು ಹೊಡೆದು ಗೆದ್ದರು.

ಕೋಚ್ ಚೀಲ ಹಿಡಿದು ಬಂದು ವ್ಯಾನು ಹತ್ತಿದರು. "ಮನೆಗೆ ಹೋಗಿ ಪೆಟ್ಟಿಗೆ ತುಂಬಿಸೋಣ. ಆಮೇಲೆ ಏರ್‌ಪೋರ್ಟ್."

"ಯಾಕೆ ಸರ್? ಗೆದ್ದಿರಲ್ಲ. ಕಾರಿನ ಗಾಜು ನೀವೇ ಒಡೆದದ್ದಲ್ವಾ, ಅದಕ್ಕೆ ಇದನ್ನು ತಂದೆ."

ಅವರು ಕಣ್ಣೀರು ಬರುವಷ್ಟು ನಕ್ಕರು.

ಮುಂದಿನ ಮ್ಯಾಚಿಗೆ ರಿಪೇರಿಯಾದ ಕಾರು ತಂದೆ. ಅವರು ಹತ್ತಲಿಲ್ಲ.

"ವ್ಯಾನು ತಾ. ನನಗೆ ಕಾಣುವ ಹಾಗೆ ನಿಲ್ಲಿಸು. ಮುದೀರ್‌ಗೆ ಮಾತ್ರ ಕಾಣಬಾರದು, ಅವರಿಗೆ ನನ್ನನ್ನು ತೆಗೆಯುವುದು ನೆನಪಾದೀತು."