ಅತ್ತೆಯ ನಾಲಿಗೆ

ತೊಂದರೆ ಶುರುವಾದದ್ದು ತೇಹಾನನ ಕಾಲಿನಿಂದ.

ದಕ್ಷಿಣ ಕೊರಿಯಾದ ದೇಜೊನ್ ನಗರದ ಆ ಅಪಾರ್ಟ್‌ಮೆಂಟಿನ ಮುಂದಿನ ರಸ್ತೆಯುದ್ದಕ್ಕೂ ಗಿಂಕೊ ಮರಗಳು. ಶರತ್ಕಾಲದಲ್ಲಿ ಅವುಗಳ ಹಳದಿ ಎಲೆ ನೋಡಲು ಎಷ್ಟು ಚೆಂದವೋ, ಕೆಳಗೆ ಉದುರುವ ಹಣ್ಣಿನ ನಾತ ಅಷ್ಟೇ ಭಯಂಕರ. ದೊಡ್ಡವರು ಮೂಗು ಮುಚ್ಚಿಕೊಂಡು ತುದಿಗಾಲಲ್ಲಿ ದಾಟುತ್ತಾರೆ. ನಾಮ್ ದೊಕ್ಸುವಿನ ಇಬ್ಬರು ಮಕ್ಕಳು ಮಾತ್ರ ಆ ಶನಿವಾರ ಬೆಳಗ್ಗೆ ಹಣ್ಣುಗಳನ್ನು ಹುಡುಕಿ ಹುಡುಕಿ ತುಳಿದಿದ್ದರು. ಯಾರ ಕಾಲು ಹೆಚ್ಚು ನಾರುತ್ತದೆ ಎಂದು ಪಂದ್ಯ. ಎರಡನೇ ಕ್ಲಾಸಿನ ಸಿಹಾನ್ ಬೂಟು ಹಾಕಿಕೊಂಡೇ ತುಳಿದ. ಐದು ವರ್ಷದ ತಮ್ಮ ತೇಹಾನ್ ಗೆಲ್ಲಲೇಬೇಕೆಂಬ ಹಟದಲ್ಲಿ ಬೂಟು, ಕಾಲುಚೀಲ ಎರಡನ್ನೂ ಕಳಚಿ ಇಳಿದ. ಗೆದ್ದ.

ಇಬ್ಬರೂ ಮನೆಗೆ ಬಂದಾಗ ದೊಕ್ಸು ಸೋಫಾದ ಮೇಲೆ ಒರಗಿ ಅರೆನಿದ್ದೆಯಲ್ಲಿದ್ದ. ವಾರವಿಡೀ ಆಫೀಸಿನಲ್ಲಿ ಬೈಸಿಕೊಂಡ ಮನುಷ್ಯ. ಹೆಂಡತಿ ಹೇರಾನ್ ತನ್ನ ತಾಯಿಯನ್ನು ಕರೆದುಕೊಂಡು ಮಾರುಕಟ್ಟೆಗೆ ಹೋಗಿದ್ದಳು. ಆ ದಿನ ಮನೆಯಲ್ಲಿ ಚಳಿಗಾಲಕ್ಕೆಲ್ಲ ಆಗುವಷ್ಟು ಕಿಮ್ಚಿ, ಅಂದರೆ ಕೋಸಿನ ಖಾರದ ಉಪ್ಪಿನಕಾಯಿ, ಹಾಕುವುದಿತ್ತು. ಅದಕ್ಕೆಂದೇ ಅತ್ತೆ ಹಿಂದಿನ ದಿನ ಕರಾವಳಿಯ ಗುನ್ಸಾನ್‌ನಿಂದ ಬಂದಿದ್ದರು. ಬಂದವರೇ ಕೋಸನ್ನೆಲ್ಲ ತಾವೇ ಹೋಳು ಮಾಡಿ, ಎಲೆ ಎಲೆಗೂ ಉಪ್ಪು ತಿಕ್ಕಿ, ಬಚ್ಚಲಿನ ತೊಟ್ಟಿಯ ತುಂಬ ಉಪ್ಪುನೀರಿನಲ್ಲಿ ನೆನೆಹಾಕಿದ್ದರು. ಹೊರಡುವಾಗ ಅಳಿಯನಿಗೆ ಒಂದೇ ಒಂದು ಕೆಲಸ ಹೇಳಿದ್ದರು: "ಆಗಾಗ ಕೋಸು ಮಗುಚಿ ಹಾಕ್ತಿರಿ ಅಳಿಯಂದ್ರೇ. ಬೇರೆ ಏನೂ ಮಾಡಬೇಡಿ."

"ಥೂ! ಏನ್ರೋ ಇದು ನಾತ?" ದೊಕ್ಸು ಕಣ್ಣು ತೆರೆಯದೆಯೇ ಮೂಗು ಮುಚ್ಚಿಕೊಂಡ. "ಹೋಗಿ, ಇಬ್ರೂ ಬಚ್ಚಲಿಗೆ ಹೋಗಿ. ಸೋಪು ಹಾಕಿ ಚೆನ್ನಾಗಿ ತೊಳ್ಕೊಳ್ಳಿ."

ಮಕ್ಕಳು ಹೋದರು. ಹೇಳಿದ ಮಾತನ್ನು ಅವರು ಮರುಮಾತಿಲ್ಲದೆ ಕೇಳಿದ್ದು ಆ ವರ್ಷದಲ್ಲಿ ಅದೇ ಮೊದಲು. ಅಲ್ಲೇ ಅವನಿಗೆ ಅನುಮಾನ ಬರಬೇಕಿತ್ತು.

ಮತ್ತೆ ನಿದ್ದೆಗೆ ಜಾರಿದ್ದ ಅವನಿಗೆ ಎಚ್ಚರವಾದದ್ದು ನಗುವಿನಿಂದ. ಬಚ್ಚಲಿನ ಒಳಗಿಂದ ಕಿಲಕಿಲ ನಗು, ಜೊತೆಗೆ ಛಳಕ್ ಛಳಕ್ ಸದ್ದು. ದೊಕ್ಸುವಿಗೆ ತೊಟ್ಟಿಯ ಕೋಸು ನೆನಪಾಯಿತು. ಎದ್ದು ಓಡಿ ಬಾಗಿಲು ತಳ್ಳಿದ.

ತೊಟ್ಟಿ ಕಾಣಿಸಲಿಲ್ಲ. ತೊಟ್ಟಿ ಇದ್ದ ಜಾಗದಲ್ಲಿ ಗುಲಾಬಿ ಬಣ್ಣದ ನೊರೆಯ ಬೆಟ್ಟವೊಂದು ಎದ್ದಿತ್ತು. ಬೆಟ್ಟದ ಒಂದು ಬದಿಯಲ್ಲಿ ಸಿಹಾನನ ತಲೆ. ಇನ್ನೊಂದು ಬದಿಯಲ್ಲಿ ತೇಹಾನ್, ತಲೆಯ ಮೇಲೆ ಕೋಸಿನ ದೊಡ್ಡ ಎಲೆ ಹೊದ್ದು ಪಟ್ಟಾಭಿಷೇಕವಾದ ರಾಜನ ಹಾಗೆ ಕೂತಿದ್ದ. ಮಕ್ಕಳ ಸ್ಟ್ರಾಬೆರಿ ಶಾಂಪೂವಿನ ಬಾಟಲಿ ಖಾಲಿಯಾಗಿ ತೇಲುತ್ತಿತ್ತು.

ದೊಕ್ಸು ನೊರೆಯೊಳಗೆ ಕೈ ಹಾಕಿ ತಡಕಾಡಿದ.

"ಅಪ್ಪಾ, ಈ ನೀರು ಉಪ್ಪುಪ್ಪಾಗಿದೆ ಕಣಪ್ಪಾ!" ಎಂದ ತೇಹಾನ್. "ಸಮುದ್ರದ ಥರ!"

"ಲೋ... ಲೋ... ತೊಟ್ಟೀಲಿ ಕೋಸಿದ್ದದ್ದು ಕಾಣ್ಲಿಲ್ವೇನೋ?"

"ಕಾಣ್ತು," ಎಂದ ಸಿಹಾನ್. "ಅದಕ್ಕೇ ಪಕ್ಕಕ್ಕೆ ಸರಿಸಿ ಕೂತ್ವಿ. ನೀನೇ ತಾನೇ ಸೋಪು ಹಾಕಿ ತೊಳ್ಕೊಳ್ಳಿ ಅಂದಿದ್ದು?"

ದೊಕ್ಸು ಇಬ್ಬರನ್ನೂ ಎತ್ತಿ ಆಚೆ ಹಾಕಿದ. ಒಂದು ಕೋಸಿನ ಹೋಳನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದ. ನೊರೆ ಬಂತು. ಮತ್ತೆ ತೊಳೆದ. ಇನ್ನೂ ಹೆಚ್ಚು ನೊರೆ ಬಂತು. ಎಲೆ ಎಲೆಯ ಸಂದಿಗೂ ಶಾಂಪೂ ಇಳಿದುಹೋಗಿತ್ತು. ಕೊನೆಗೆ ಒಂದು ಎಲೆ ಕಿತ್ತು ಬಾಯಿಗಿಟ್ಟ. ಮೊದಲು ಉಪ್ಪು, ಆಮೇಲೆ ಸ್ಟ್ರಾಬೆರಿ, ಆಮೇಲೆ ಬಾಯಿಂದ ಒಂದು ಗುಳ್ಳೆ ಹೊರಟು ಕನ್ನಡಿಯ ಮುಂದೆ ಒಡೆಯಿತು.

ಅವನು ನಲ್ಲಿ ನಿಲ್ಲಿಸಿ ಮುಂಬಾಗಿಲಿನ ಕಡೆ ನೋಡಿದ. ಕಾರಣವಿತ್ತು. ಅತ್ತೆ ಒಕ್ಬುನ್ ಗುನ್ಸಾನ್‌ನ ಮಾರುಕಟ್ಟೆಯಲ್ಲಿ ಪಲ್ಯ, ಕಿಮ್ಚಿ, ಉಪ್ಪು ಮೀನು ಮಾರುವ ಅಂಗಡಿ ನಡೆಸುತ್ತಿದ್ದರು. ಆಕೆಯ ನಾಲಿಗೆ ಇಡೀ ಊರಿಗೇ ಪ್ರಸಿದ್ಧ. ಉಪ್ಪು ಹಾಕಿದ ಸೀಗಡಿಯನ್ನು ನಾಲಿಗೆಯ ತುದಿಗಿಟ್ಟು ಯಾವ ತಿಂಗಳಲ್ಲಿ ಹಿಡಿದದ್ದು ಎಂದು ಹೇಳುತ್ತಿದ್ದರು. ಮದುವೆಯಾದ ಹೊಸದರಲ್ಲಿ ದೊಕ್ಸು ಅತ್ತೆಗೆಂದು ಪ್ರೀತಿಯಿಂದ ನೂಡಲ್ಸ್ ಮಾಡಿಕೊಟ್ಟಿದ್ದ. ಅದರ ಸಾರು ಒಂದು ಗುಟುಕು ಕುಡಿದು ಅತ್ತೆ, "ನಿನ್ನೆ ಈ ಪಾತ್ರೇಲಿ ಮೀನು ಬೇಯ್ಸಿದ್ರಾ ಅಳಿಯಂದ್ರೇ?" ಎಂದಿದ್ದರು. ಬೇಯಿಸಿದ್ದ. ಅಂದಿನಿಂದ ಆಕೆ ಚಮಚ ಕೈಗೆತ್ತಿಕೊಂಡರೆ ಸಾಕು, ಇವನು ಪರೀಕ್ಷೆಯ ಫಲಿತಾಂಶ ಕಾಯುವ ಹುಡುಗನ ಹಾಗೆ ಆಕೆಯ ಮುಖವನ್ನೇ ನೋಡುತ್ತ ಕೂರುತ್ತಿದ್ದ.

ಅವನು ಕೋಸನ್ನೆಲ್ಲ ಕಸದ ದೊಡ್ಡ ಚೀಲಗಳಿಗೆ ತುರುಕಿ, ಎಳೆದುಕೊಂಡು ಹೋಗಿ ಕಾರಿನ ಡಿಕ್ಕಿಯಲ್ಲಿ ಅಡಗಿಸಿದ. ತೊಟ್ಟಿಯನ್ನು ತಿಕ್ಕಿ ತೊಳೆದ. ಮಕ್ಕಳಿಗೆ ಬಟ್ಟೆ ಹಾಕಿಸಿ, "ಯಾರಿಗೂ ಹೇಳ್ಬೇಡಿ, ಆಯ್ತಾ?" ಎಂದು ಬೇಡಿಕೊಂಡ. ಆಮೇಲೆ ಕೆಳಗಿನ ಮಹಡಿಯ ಕ್ವಾಕ್ ಅಮ್ಮನವರ ಬಾಗಿಲು ತಟ್ಟಿದ. ಆಕೆ ಅಪಾರ್ಟ್‌ಮೆಂಟಿನ ಮಹಿಳಾ ಸಂಘದ ಅಧ್ಯಕ್ಷೆ. ಆಕೆಗೆ ಗೊತ್ತಿಲ್ಲದೆ ಆ ಕಟ್ಟಡದಲ್ಲಿ ಒಂದು ಮೊಟ್ಟೆಯೂ ಒಡೆಯುತ್ತಿರಲಿಲ್ಲ.

"ಅಮ್ಮಾ, ಉಪ್ಪಲ್ಲಿ ನೆನೆಸಿದ ಕೋಸು ಒಂದೆರಡು ಇದ್ರೆ..."

ಕ್ವಾಕ್ ಅಮ್ಮ ಕೆಂಪು ರಬ್ಬರ್ ಗವಸು ತೊಟ್ಟ ಕೈಯನ್ನು ಸೊಂಟದ ಮೇಲಿಟ್ಟರು. "ಏನ್ರೀ ಸಿಹಾನ್ ಅಪ್ಪಾ! ನಿನ್ನೆ ನಿಮ್ಮತ್ತೆ ಲಿಫ್ಟ್ ತುಂಬ ಕೋಸು ತಂದದ್ದು ನಾನೇ ಕಣ್ಣಾರೆ ನೋಡಿದೀನಿ. ಅದೆಲ್ಲಾ ಎಲ್ಲಿ ಹೋಯ್ತು? ಕಾಲು ಬಂದು ಓಡಿಹೋಯ್ತಾ?"

"ಇಲ್ಲ, ಅದು... ನೆಂಟ್ರು ಬಂದ್ಬಿಟ್ರು. ಇದ್ದಕ್ಕಿದ್ದ ಹಾಗೆ. ಗುನ್ಸಾನ್ ಕಡೆಯವರು. ಅವ್ರಿಗೂ ಮಾಡಿ ಕಳಿಸ್ಬೇಕು. ಸಾಲೋದಿಲ್ಲ."

"ಎಷ್ಟು ಜನ?"

"ಹನ್ನೊಂದು," ಎಂದ ದೊಕ್ಸು. ಯಾಕೆ ಹನ್ನೊಂದು ಎಂದನೋ ಅವನಿಗೇ ತಿಳಿಯದು. ಬಾಯಿಗೆ ಬಂತು.

"ಅಯ್ಯಯ್ಯೋ ಪಾಪ! ಹನ್ನೊಂದು ಜನ! ಒಂದೆರಡು ಕೋಸು ಎಲ್ಲಿಗಾಗತ್ತೆ? ನೀವು ಮನೇಗೆ ಹೋಗಿ, ನಾನು ನೋಡ್ಕೋತೀನಿ."

"ಬೇಡಮ್ಮಾ, ಗುಟ್ಟಾಗಿ..."

ಆಕೆ ಆಗಲೇ ಕಾವಲುಗಾರನಿಗೆ ಫೋನ್ ಮಾಡಿಯಾಗಿತ್ತು. ದೊಕ್ಸು ಮೆಟ್ಟಿಲು ಹತ್ತುವಷ್ಟರಲ್ಲಿ ಮನೆಮನೆಯ ಗೋಡೆಯಲ್ಲಿರುವ ಧ್ವನಿವರ್ಧಕ ಕೆಮ್ಮಿತು. "ನಿವಾಸಿಗಳ ಗಮನಕ್ಕೆ. ಏಳನೇ ಮಹಡಿಯ ಸಿಹಾನ್ ಅವರ ಮನೆಗೆ ಹನ್ನೊಂದು ಜನ ನೆಂಟರು ಹಠಾತ್ತನೆ ಬಂದಿದ್ದು, ಕಿಮ್ಚಿಗೆ ಕೋಸು ಸಾಲದೆ ಆ ಕುಟುಂಬ ಬಹಳ ಕಷ್ಟದಲ್ಲಿದೆ. ಉಪ್ಪು ಹಾಕಿದ ಕೋಸು ಇರುವವರು ದಯವಿಟ್ಟು ನೆರವಾಗಬೇಕು."

ದೊಕ್ಸು ಗೋಡೆ ಹಿಡಿದು ನಿಂತ. ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗುವವನಿದ್ದ. ಏಳನೇ ಮಹಡಿಯಲ್ಲಿ ಭೂಮಿ ಎಲ್ಲಿಂದ ಬರಬೇಕು?

ಭೂಮಿಯ ಬದಲು ಲಿಫ್ಟ್ ಬಾಯಿ ಬಿಟ್ಟಿತು. ಒಳಗಿನಿಂದ ಹೆಂಗಸರ ದಂಡು ಇಳಿಯಿತು. ಎಲ್ಲರ ಕೈಗೂ ಕೆಂಪು ಗವಸು, ಸೊಂಟದ ಮೇಲೆ ಬೋಗುಣಿ, ಬೋಗುಣಿಯ ತುಂಬ ನೀರು ಸೋರುವ ಕೋಸು. "ನಮ್ಮದು ಎರಡು ಹೋಳು", "ನಮ್ಮದು ಮೂರು, ಸ್ವಲ್ಪ ಉಪ್ಪು ಜಾಸ್ತಿ", "ನಾನು ಸಕ್ಕರೆ ಹಾಕ್ತೀನಿ, ಯಾರಿಗೂ ಹೇಳ್ಬೇಡಿ" ಎನ್ನುತ್ತ ಒಬ್ಬೊಬ್ಬರೂ ಸೀದಾ ಬಚ್ಚಲಿಗೇ ನುಗ್ಗಿ ತೊಟ್ಟಿಗೆ ಸುರಿದರು.

"ನೆಂಟ್ರೆಲ್ಲಿ? ಒಬ್ರೂ ಕಾಣ್ತಿಲ್ಲ!"

"ಸ್ನಾನದ ಮನೆಗೆ... ಅಂದ್ರೆ, ಊರಿನ ಸಾರ್ವಜನಿಕ ಬಿಸಿನೀರ ಸ್ನಾನಗೃಹಕ್ಕೆ ಹೋಗಿದಾರೆ."

"ಅಪ್ಪಾ, ಯಾರು ಬಂದಿದಾರಪ್ಪಾ?" ಎಂದು ಸಿಹಾನ್ ಕಣ್ಣರಳಿಸಿದ.

"ನಿನ್ನ ಮಾವಂದಿರು. ಸುಮ್ನಿರು."

"ನಂಗೆ ಮಾವಂದಿರೇ ಇಲ್ವಲ್ಲಾ!"

ಹೆಂಗಸರೆಲ್ಲ ತಿರುಗಿ ದೊಕ್ಸುವನ್ನು ನೋಡಿದರು. "ದೂರದ ಮಾವಂದಿರು," ಎಂದು ಅವನು ಹಣೆ ಒರೆಸಿಕೊಂಡ. ಒಬ್ಬಾಕೆ, "ಪಾಪ, ಗಂಡಸು ಒಬ್ಬನೇ ಎಷ್ಟು ಒದ್ದಾಡ್ತಿದಾನೆ ನೋಡಿ," ಎಂದು ಒಂದು ಮೂಲಂಗಿಯನ್ನೂ ಕೊಟ್ಟು ಹೋದಳು.

ಕೊನೆಗೂ ಬಾಗಿಲು ಮುಚ್ಚಿದಾಗ ತೊಟ್ಟಿ ಮೊದಲಿಗಿಂತಲೂ ಭರ್ತಿಯಾಗಿತ್ತು. ದೊಕ್ಸು ಒಂದು ಉಸಿರು ಬಿಟ್ಟ. ಎರಡನೆಯ ಉಸಿರು ಬಿಡುವ ಮೊದಲೇ ಹೆಂಡತಿ ಮತ್ತು ಅತ್ತೆ ಒಳಗೆ ಬಂದರು.

"ಲಿಫ್ಟ್‌ನಲ್ಲಿ ಯಾರೋ ನನ್ನ ಕೈ ಹಿಡ್ಕೊಂಡು 'ಹನ್ನೊಂದು ಜನ ಬಂದಿದೀರಂತೆ' ಅಂತಾರೆ," ಎಂದರು ಅತ್ತೆ ಚೀಲಗಳನ್ನು ಇಳಿಸುತ್ತ. "ನಾನೊಬ್ಳೇ ಹನ್ನೊಂದು ಜನರ ಹಾಗೆ ಕಾಣ್ತೀನೇನೇ ಹೇರಾನ್?"

"ಸ್ವೆಟರ್ ಸ್ವಲ್ಪ ದಪ್ಪ ಅಮ್ಮ," ಎಂದಳು ಮಗಳು.

ಅತ್ತೆ ತೋಳು ಮಡಿಚಿ, ರಬ್ಬರ್ ಗವಸು ತೊಟ್ಟು ಬಚ್ಚಲಿಗೆ ಹೋದರು. ದೊಕ್ಸು ಬಾಗಿಲ ಸಂದಿಯಲ್ಲಿ ನಿಂತ. ಅತ್ತೆ ಒಂದು ಹೋಳು ತೊಳೆದು, ಒಂದೆಲೆ ಹರಿದು ಬಾಯಿಗೆ ಹಾಕಿಕೊಂಡರು. ಮುಖ ಹಿಂಡಿತು. ಇನ್ನೊಂದು ಹೋಳು ತೆಗೆದರು. ಹುಬ್ಬು ಮೇಲೇರಿತು. ಮೂರನೆಯದನ್ನು ಜಗಿಯುತ್ತ ಜಗಿಯುತ್ತ ನಿಂತುಬಿಟ್ಟರು. ಹೋಗಿ ಬಾಯಿ ಮುಕ್ಕಳಿಸಿ ಬಂದರು. ಮತ್ತೆ ತಿಂದರು. ಈ ಸಲ ಅವರ ಮುಖದಲ್ಲಿ ರಕ್ತವೇ ಇರಲಿಲ್ಲ.

"ಹೇರಾನ್, ಇದನ್ನ ಸ್ವಲ್ಪ ತಿಂದು ನೋಡೇ."

ಹೇರಾನ್ ಒಂದು ತುಂಡು ಬಾಯಿಗೆ ಹಾಕಿಕೊಂಡಳು. "ಸರಿಯಾಗಿದ್ಯಲ್ಲಮ್ಮ. ಯಾವಾಗ್ಲೂ ಇರೋ ಹಾಗೇ ಇದೆ."

ಅತ್ತೆ ಬಚ್ಚಲಿನ ಪುಟ್ಟ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಸಿದು ಕೂತರು. ರಬ್ಬರ್ ಗವಸನ್ನು ನಿಧಾನವಾಗಿ ಒಂದೊಂದೇ ಬೆರಳು ಬಿಡಿಸಿ ಕಳಚಿದರು.

"ಹಾಗಾದ್ರೆ ಮುಗೀತು ಬಿಡು. ನನ್ನ ನಾಲಿಗೆ ಹೋಯ್ತು."

"ಅಮ್ಮಾ! ಏನಂತಿದೀಯಾ?"

"ನನ್ನ ಕೈಯಾರೆ ಒಂದೇ ಉಪ್ಪು, ಒಂದೇ ನೀರು ಹಾಕಿದೀನಿ. ಒಂದು ಹೋಳು ಸಮುದ್ರದ ಥರ, ಒಂದು ಸಪ್ಪೆ, ಒಂದು ಸಿಹಿ. ಉಪ್ಪು ಹಾಕಿದ ಕೋಸು ಯಾರಿಗಾದ್ರೂ ಸಿಹಿ ಹತ್ತತ್ತೇನೇ? ನಮ್ಮಮ್ಮನಿಗೂ ಹೀಗೇ ಮೊದಲು ನಾಲಿಗೆ ಹೋಯ್ತು. ಆಮೇಲೆ ನೆನಪು ಹೋಯ್ತು."

ಅತ್ತೆ ಮಾತು ಮುಂದುವರಿಸಿದರು. ದನಿ ಸಣ್ಣಗಾಗಿತ್ತು.

"ನಾಲಿಗೆ ಇಲ್ಲದೋಳು ಜನಕ್ಕೆ ಏನು ಅಂತ ಊಟ ಮಾರ್ಲಿ? ನಾಳೇನೇ ಅಂಗಡಿ ಮುಚ್ತೀನಿ. ನಿಮ್ಮನೇಲೇ ಒಂದು ಮೂಲೆ ಕೊಡು. ಮಕ್ಕಳ ಕೋಣೇಲಿ ಮಲಗಿರ್ತೀನಿ."

ದೊಕ್ಸುವಿಗೆ ಸಿಡಿಲು ಬಡಿದಂತಾಯಿತು. ಅತ್ತೆ, ಇಲ್ಲಿ, ದಿನವೂ, ಮೂರೂ ಹೊತ್ತು! ಇದ್ದದ್ದೇ ಎರಡು ಕೋಣೆಯ ಮನೆ. ಆದರೆ ಅವನನ್ನು ನಿಜಕ್ಕೂ ಅಲುಗಿಸಿದ್ದು ಅದಲ್ಲ. ಅತ್ತೆಯ ಕಣ್ಣಿಂದ ಒಂದು ಹನಿ ಕೆನ್ನೆಗಿಳಿದಿತ್ತು. ಮಾವ ಸತ್ತ ದಿನ ಬಂದವರಿಗೆಲ್ಲ ತಾವೇ ನಿಂತು ಸಾರು ಬಡಿಸಿದ ಹೆಂಗಸು ಅದು. ಅಂದೂ ಆ ಕಣ್ಣು ಒದ್ದೆಯಾದದ್ದನ್ನು ಅವನು ಕಂಡಿರಲಿಲ್ಲ. ಈಗ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತ ಆಕೆ ಒಮ್ಮೆಲೇ ಮುದುಕಿಯಾಗಿಬಿಟ್ಟಿದ್ದರು.

"ಅತ್ತೇ, ನಿಮ್ಮ ನಾಲಿಗೆ ಎಲ್ಲೂ ಹೋಗಿಲ್ಲ," ಎಂದ ದೊಕ್ಸು. ಹೇಳಿದ ಮೇಲೆ ನಿಲ್ಲಿಸಲಾಗಲಿಲ್ಲ. ನಿದ್ದೆ, ನೊರೆ, ಸ್ಟ್ರಾಬೆರಿ, ಕ್ವಾಕ್ ಅಮ್ಮ, ಧ್ವನಿವರ್ಧಕ, ಇಲ್ಲದ ಹನ್ನೊಂದು ನೆಂಟರು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಕಾರಿಕೊಂಡ.



"ನಮ್ಮ ಕೋಸು ಎಲ್ಲಿ?" ಎಂದಳು ಹೇರಾನ್, ಹಲ್ಲು ಕಚ್ಚಿ.

"ಕಾರಿನ ಡಿಕ್ಕೀಲಿ."

ಅತ್ತೆ ಎದ್ದರು. ದೊಕ್ಸು ಕಣ್ಣು ಮುಚ್ಚಿದ. ಆದರೆ ಅತ್ತೆ ಅವನ ಪಕ್ಕದಿಂದ ಹಾದು ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದಾದ ಮೇಲೊಂದು ಹೋಳು ಕಿತ್ತು ತಿನ್ನತೊಡಗಿದರು. ಹದಿನೆಂಟರ ಹುಡುಗಿಯ ಹಾಗೆ ಮುಖ ಅರಳಿತ್ತು. "ಇದು ಜಿಪುಣಿ ಮನೇದು, ಉಪ್ಪನ್ನ ಎಣಿಸಿ ಹಾಕಿದಾಳೆ! ಇದು ಸಕ್ಕರೆ, ಇವ್ಳಿಗೆ ಬುದ್ಧಿ ಇಲ್ಲ! ಇದು ನಮ್ಮ ಕಡೆಯೋಳು, ಕೈ ಚೆನ್ನಾಗಿದೆ! ಹೇರಾನ್, ನನ್ನ ನಾಲಿಗೆ ಇದೆ ಕಣೇ! ಹಾಗೇ ಇದೆ!"

"ಅದು ಸರೀಮ್ಮಾ, ಈ ಮನುಷ್ಯನ್ನ ಮಾತ್ರ ನಾನು..."

"ಬೈಬೇಡ ಕಣೇ. ಹೆದರಿದ್ರೂ ನಿಜ ಹೇಳಿದಾನೆ. ಬಾಯಿ ಮುಚ್ಕೊಂಡಿದ್ದಿದ್ರೆ ನಾನು ಅಂಗಡಿ ಮುಚ್ತಿದ್ದೆ." ಅತ್ತೆ ಅಳಿಯನ ಬೆನ್ನು ತಟ್ಟಿದರು. ಮದುವೆಯಾದ ಇಷ್ಟು ವರ್ಷಗಳಲ್ಲಿ ಅದೇ ಮೊದಲು. ಎಲ್ಲ ಸುಖಾಂತವಾಯಿತೆಂದು ಅವನು ಗೋಡೆಗೊರಗಿದ.

ಅತ್ತೆ ಕೈ ಒರೆಸಿಕೊಂಡು ಮೊಬೈಲ್ ತೆಗೆದು, ಗುನ್ಸಾನ್‌ನಲ್ಲಿ ಅಂಗಡಿ ನೋಡಿಕೊಳ್ಳುತ್ತಿದ್ದ ತಂಗಿಗೆ ಫೋನ್ ಮಾಡಿದರು. "ಏ, ಇನ್ಮೇಲೆ ಅಂಗಡಿ ನೀನೇ ನಡೆಸು. ಇಲ್ಲ ಇಲ್ಲ, ನಾನು ಗಟ್ಟಿಯಾಗೇ ಇದೀನಿ. ನನ್ನ ಹಾಸಿಗೆ, ಉಪ್ಪಿನ ಜಾಡಿ ಎರಡೂ ಈ ಕಡೆ ಕಳಿಸು."

ದೊಕ್ಸು ಗೋಡೆ ಬಿಟ್ಟು ನೆಟ್ಟಗಾದ. "ಅತ್ತೇ, ನಾಲಿಗೆ ಸರಿಯಾಗಿದೆ ಅಂದ್ರಲ್ಲಾ?"

"ನಾಲಿಗೆ ಸರಿಯಾಗೇ ಇದೆ ಅಳಿಯಂದ್ರೇ. ಸರಿ ಇಲ್ಲದ್ದು ಈ ಮನೆ. ಎರಡು ಮಕ್ಕಳು, ಒಂದು ತೊಟ್ಟಿ, ಒಂದು ಬೆಳಗ್ಗೆ. ಅಷ್ಟನ್ನೂ ನೋಡ್ಕೊಳ್ಳೋಕೆ ಆಗ್ದಿದ್ದವರ ಕೈಗೆ ನನ್ನ ಮೊಮ್ಮಕ್ಕಳನ್ನ ಹೇಗೆ ಬಿಟ್ಟು ಹೋಗ್ಲಿ?"

"ಎಷ್ಟು... ಎಷ್ಟು ದಿನಕ್ಕೆ ಅತ್ತೇ?"

"ಜಾಸ್ತಿ ಏನಿಲ್ಲ," ಎಂದರು ಅತ್ತೆ, ಗವಸನ್ನು ಮತ್ತೆ ಬೆರಳಿಗೇರಿಸುತ್ತ. "ತೇಹಾನ್ ದೊಡ್ಡೋನಾಗಿ, ಎಲ್ಲ ಗಂಡುಹುಡುಗರ ಹಾಗೆ ಕಡ್ಡಾಯ ಮಿಲಿಟರಿ ಸೇವೆಗೆ ಹೋಗೋ ತನಕ."

ದೊಕ್ಸು ತಿರುಗಿ ನೋಡಿದ. ತೇಹಾನ್ ಬಚ್ಚಲ ಹೊಸ್ತಿಲಲ್ಲಿ ಕೂತು ಎರಡೂ ಕಾಲನ್ನು ಸ್ವೆಟರಿನ ಒಂದೇ ತೋಳಿನೊಳಗೆ ತೂರಿಸಲು ಹೆಣಗುತ್ತಿದ್ದ.