ಕ್ಲಚ್ಚಿಲ್ಲದ ಪಿಕಪ್ಪು

ನಮ್ಮ ಭಾವನಿಗೆ ವಾಹನ ಬಿಡಲು ಬರುವುದಿಲ್ಲ. ಕಾರು, ಪಿಕಪ್ಪು ಹಾಗಿರಲಿ, ಸೈಕಲ್ಲು ಕೂಡ ಬರುವುದಿಲ್ಲ! ಇದನ್ನು ಮೊದಲೇ ಹೇಳಿಬಿಡಬೇಕು. ಇಲ್ಲವಾದರೆ ಮುಂದಿನದ್ದನ್ನು ಓದಿ ನೀವು ಅವರನ್ನು ದೊಡ್ಡ ಮೆಕ್ಯಾನಿಕ್ ಎಂದು ತಿಳಿದುಕೊಂಡೀರಿ. ಸ್ಟಿಯರಿಂಗ್ ಹಿಡಿಯಲು ಗೊತ್ತಿಲ್ಲದ ಈ ಮನುಷ್ಯ ನಲುವತ್ತು ವರ್ಷ ಹಳೆಯ ಪಿಕಪ್ಪಿನ ಎಂಜಿನ್ ಕಿತ್ತು, ಆ ಜಾಗಕ್ಕೆ ಈಗಿನ ಕಾಲದ ಕಾರೊಂದರ ಎಂಜಿನ್ನನ್ನೂ ಗೇರ್ ಬಾಕ್ಸನ್ನೂ ಕೂರಿಸಿದರು ಎಂದರೆ ನಂಬುತ್ತೀರಾ? ನಾನೂ ನಂಬುತ್ತಿರಲಿಲ್ಲ. ಕಣ್ಣಾರೆ ಕಂಡ ಮೇಲೆ ಬೇರೆ ಗತಿಯಿಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ನಮ್ಮ ಕಡೆ ಅಕ್ಕನ ಗಂಡ ನನಗೆ ಭಾವ, ನಾನೂ ಅವರಿಗೆ ಭಾವ. ಹಾಗಾಗಿ ನಾವಿಬ್ಬರು ಜಗಳವಾಡುವಾಗ ಯಾರು ಯಾರಿಗೆ ಬೈಯುತ್ತಿದ್ದಾರೆಂದು ಹೊರಗಿನವರಿಗೆ ಅಂದಾಜಾಗುವುದಿಲ್ಲ. ಕಾಸರಗೋಡು ಕಡೆಯ ಮುಳ್ಳೇರಿಯದ ಸುತ್ತಮುತ್ತ ಮದುವೆ, ಉಪನಯನ, ಸತ್ತವರ ಬೊಜ್ಜದ ಊಟ ಏನೇ ಇರಲಿ, ಅಡುಗೆ ಅವರದ್ದು. ಕೊಪ್ಪರಿಗೆ, ಚೆರಿಗೆ, ಸಟ್ಟುಗಗಳನ್ನೆಲ್ಲ ಹೇರಿಕೊಂಡು ಹೋಗಲು ಗುಂಡು ಕಣ್ಣಿನ ಒಂದು ಹಸಿರು ಪಿಕಪ್ಪು. ಅದನ್ನು ಕೊಂಡ ದಿನವೇ ಭಾವ ಉತ್ಸಾಹದಿಂದ ಸ್ಟಿಯರಿಂಗ್ ಹಿಡಿದು ಸೀದಾ ದನದ ಹಟ್ಟಿಗೆ ನುಗ್ಗಿಸಿದರು. ಅಕ್ಕ ಅವರನ್ನು ಕೆಳಗಿಳಿಸಿ ತಾನು ಹತ್ತಿ ಕೂತಳು. ಹಾಗೆ ಕೂತವಳು ಇಪ್ಪತ್ತೆಂಟು ವರ್ಷ ಆ ಸೀಟನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಊರಿನ ಮದುವೆಗಳಿಗೆ ವರನ ದಿಬ್ಬಣ ತಡವಾದರೂ ಅಕ್ಕನ ಪಿಕಪ್ಪು ತಡವಾಗುತ್ತಿರಲಿಲ್ಲ.

ಮೂರು ವರ್ಷದ ಹಿಂದೆ ನೆಕ್ರಾಜೆಯ ಒಂದು ಮದುವೆಮನೆಯ ಅಂಗಳದಲ್ಲಿ ಪಾತ್ರೆ ಇಳಿಸುತ್ತಿದ್ದರು. "ನಿಲ್ಲಿ, ನಾನೊಂದು ಕೈ ಹಿಡೀತೇನೆ" ಎಂದು ಅಕ್ಕ ಹೇಳುವಷ್ಟರಲ್ಲಿ ಭಾವ ಹಗ್ಗ ಬಿಚ್ಚಿಯಾಗಿತ್ತು. ದೊಡ್ಡ ಕೊಪ್ಪರಿಗೆ ಉರುಳಿ ಬಂದು ಅಕ್ಕನ ಎಡಪಾದದ ಮೇಲೆ ಕೂತಿತು. ಮೂಳೆ ಕೂಡಿಕೊಂಡಿತು, ನಡೆಯಲೂ ಆಯಿತು, ಆದರೆ ಪಾದಕ್ಕೆ ಬಲ ಬರಲಿಲ್ಲ. ಆ ಪಿಕಪ್ಪಿನ ಕ್ಲಚ್ಚೋ, ಆನೆ ತುಳಿದರೂ ಒಮ್ಮೆ ಯೋಚಿಸಿ ಕೆಳಗಿಳಿಯುವಂಥದ್ದು! ವ್ಯಾಯಾಮ ಮಾಡಿದರೆ ಸರಿಹೋದೀತು ಎಂದು ಡಾಕ್ಟರು ಹೇಳಿದರು. ಅಕ್ಕ ಎರಡು ದಿನ ಮಾಡಿ ಬಿಟ್ಟಳು. "ಇನ್ನೆಂತಕ್ಕೆ? ಗಾಡಿ ಯಾರಿಗಾದ್ರೂ ಕೊಟ್ಟುಬಿಡಿ" ಎಂದಳು. ನಾಲ್ಕು ಜನರ ಮಾತನ್ನು ಒಬ್ಬಳೇ ಆಡುತ್ತಿದ್ದವಳು ಅಡುಗೆಮನೆಯ ಕಿಟಕಿಯ ಬಳಿ ಸುಮ್ಮನೆ ಕೂರತೊಡಗಿದಳು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ.

ಭಾವ ಗಾಡಿ ಕೊಡಲಿಲ್ಲ. ಬಾಡಿಗೆಗೆ ಡ್ರೈವರುಗಳನ್ನು ಇಟ್ಟು ನೋಡಿದರು. ಒಬ್ಬೊಬ್ಬರೂ ಓಡಿಹೋದರು, ಯಾಕೆಂದರೆ ಪಕ್ಕದಲ್ಲಿ ಕೂತ ಭಾವ, "ಅವಳು ಇಲ್ಲಿ ಮೂರನೇ ಗೇರ್ ಹಾಕ್ತಿದ್ಲು" ಎಂದು ತಿರುವು ತಿರುವಿಗೂ ಹೇಳಿದರೆ ಯಾವ ಗಂಡಸು ತಡೆದುಕೊಂಡಾನು? ಮೂರನೆಯವನೂ ಹೋದ ದಿನ ಭಾವ ನನ್ನ ಮನೆಗೆ ಬಂದು ಜಗಲಿಯಲ್ಲಿ ಕೂತರು.

"ಭಾವ, ಕ್ಲಚ್ಚೇ ಇಲ್ಲದ ಗಾಡಿ ಉಂಟಂತೆ, ಹೌದಾ?"

"ಉಂಟು. ಆಟೋಮ್ಯಾಟಿಕ್. ಹೊಸ ಕಾರು ತೆಗೀತೀರಾ?"

"ಅವಳಿಗೆ ಹೊಸ ಕಾರು ಬೇಡ. ಅವಳ ಗಾಡಿಯೇ ಬೇಕು. ಕಾಲು ಸರಿಯಾಗದಿದ್ರೆ ಗಾಡಿಯನ್ನು ಸರಿ ಮಾಡುವ."

ಹುಚ್ಚು ಹಿಡಿದರೆ ಹೀಗೆಯೇ ಹಿಡಿಯುವುದು ಎಂದುಕೊಂಡು ನಾನು ಒಳಗೆ ಹೋಗಿ ಕಾಫಿ ತಂದೆ.

ಮೊಗ್ರಾಲಿನಲ್ಲಿ ಅಂದುಚ್ಚ ಎಂಬವರ ಗುಜರಿ ಇದೆ. ಇಪ್ಪತ್ತು ವರ್ಷ ಗಲ್ಫಿನಲ್ಲಿ ಮೆಕ್ಯಾನಿಕ್ ಆಗಿದ್ದವರು. ಅಲ್ಲಿ ಹಿಂಬದಿಗೆ ಪೆಟ್ಟು ತಿಂದ ಒಂದು ದೊಡ್ಡ ಕಾರು ಬಂದು ಬಿದ್ದಿತ್ತು. ಎಂಜಿನ್ನಿಗೂ ಆಟೋಮ್ಯಾಟಿಕ್ ಗೇರ್ ಬಾಕ್ಸಿಗೂ ಏನೂ ಆಗಿರಲಿಲ್ಲ. ನಾವು ಹೋದಾಗ ಅಂದುಚ್ಚ ತಲೆಯಾಡಿಸಿದರು.

"ಭಟ್ರೇ, ಇದು ನಿಮ್ಮ ಹಳೇ ಗಾಡಿಗೆ ಕೂರ್ಲಿಕ್ಕಿಲ್ಲ. ಅಳತೆ ಏನಾದ್ರೂ ತಂದಿದ್ದೀರಾ?"

"ತಂದಿದ್ದೇನೆ" ಎಂದು ಭಾವ ಚೀಲದಿಂದ ಪಾಯಸ ಕಲಕುವ ಉದ್ದದ ಸಟ್ಟುಗ ತೆಗೆದರು! "ಉದ್ದ ಎರಡು ಸಟ್ಟುಗ, ಅಗಲ ಒಂದು ಸಟ್ಟುಗ ನಾಲ್ಕು ಬೆರಳು."

ಗಲ್ಫಿನಲ್ಲಿ ಏನೇನೆಲ್ಲ ಕಂಡ ಅಂದುಚ್ಚ ಸಟ್ಟುಗದಲ್ಲಿ ಎಂಜಿನ್ ಅಳೆಯುವವರನ್ನು ಕಂಡಿರಲಿಲ್ಲ. ಆದರೂ ತಮಾಷೆಗೆಂದು ಅಳೆದರು. ಅಳತೆ ಸರಿಯಾಗಿತ್ತು. ಅಂದುಚ್ಚ ಸಟ್ಟುಗವನ್ನು ತಿರುಗಿಸಿ ಮುರುಗಿಸಿ ನೋಡಿ, "ನಿಮ್ಮ ಹೆಂಡ್ತಿಗೋಸ್ಕರ ಅಲ್ವಾ? ನಾನೇ ಬರ್ತೇನೆ, ಶುಕ್ರವಾರ ಜುಮ್ಮಾ ಮುಗಿಸಿ" ಎಂದರು. ಅಂದಿನಿಂದ ವೆಲ್ಡಿಂಗು, ಶಾಫ್ಟು, ವಯರಿಂಗು ಎಲ್ಲ ಅವರದ್ದು. ಕಿತ್ತುಹಾಕುವುದು, ತೊಳೆಯುವುದು, ಅಡ್ಡಿ ಮಾಡುವುದು ಭಾವನದ್ದು.

ಹಳೆಯ ಎಂಜಿನ್ ಇಳಿಸಲು ಭಾರ ಎತ್ತುವ ಚೈನ್ ಬ್ಲಾಕ್ ತರುತ್ತೇನೆಂದರು ಅಂದುಚ್ಚ. ಭಾವನಿಗೆ ಅವಮಾನವಾಯಿತು. ಐನೂರು ಜನರ ಸಾಂಬಾರು ಹೊತ್ತವರಿಗೆ ಇದೆಂಥ ಭಾರ? ತಮ್ಮ ಅಡುಗೆ ತಂಡದ ಆರು ಜನರನ್ನು ಕರೆಸಿ, ಕೊಪ್ಪರಿಗೆಗೆ ಹಾಕುವ ಹಾಗೆಯೇ ಎಂಜಿನ್ನಿಗೆ ಹಗ್ಗ ಕಟ್ಟಿ, ಬಿದಿರು ತೂರಿಸಿ ಹೆಗಲು ಕೊಟ್ಟು ಎತ್ತಿಸಿದರು. ಎತ್ತಿದ ಕೂಡಲೇ ಆರೂ ಜನ ಅಭ್ಯಾಸಬಲದಿಂದ "ದಾರಿ, ದಾರಿ! ಬಿಸಿ, ಬಿಸಿ!" ಎಂದು ಕೂಗುತ್ತ ಓಡಿದರು. ತಿಂಗಳುಗಟ್ಟಲೆ ತಣ್ಣಗೆ ಬಿದ್ದಿದ್ದ ಎಂಜಿನ್ ಅದು! ನಾನು ದಾರಿ ಬಿಟ್ಟೆ. ಬಿಡದೆ ಉಪಾಯವಿರಲಿಲ್ಲ.

ಆಮೇಲೆ ಹೊಸ ಗೇರ್ ಬಾಕ್ಸನ್ನು ತೊಳೆಯುವ ಕಾರ್ಯಕ್ರಮ. ಮರುವಾರ ಬಂದ ಅಂದುಚ್ಚ ಅದರ ಮುಂದೆ ಕೈಕಟ್ಟಿ ನಿಂತುಬಿಟ್ಟರು.

"ಭಟ್ರೇ, ಇದು ಬೆಳ್ಳಗೆ ಇತ್ತಲ್ಲ? ಕಪ್ಪು ಹೇಗಾಯ್ತು?"

"ಹುಣಸೆಹುಳಿ ಹಾಕಿ ತಿಕ್ಕಿದ್ದು. ತಾಮ್ರದ ಪಾತ್ರೆಯೆಲ್ಲ ಹಾಗೆ ತಿಕ್ಕಿದ್ರೆ ಫಳಫಳ ಹೊಳೀತದೆ."

"ಇದು ಅಲ್ಯುಮಿನಿಯಂ, ಮಾರಾಯ್ರೆ! ಇರ್ಲಿ, ಹೊರಗಿನಿಂದ ತಾನೇ. ಉಪ್ಪು ಹಾಕ್ಲಿಲ್ಲ ಅಲ್ವಾ?"

ಭಾವ ಆಕಾಶ ನೋಡಿದರು. ಉಪ್ಪೂ ಹಾಕಿದ್ದರು.

ಬಿಚ್ಚಿದ ನಟ್ಟು, ಬೋಲ್ಟು, ವಾಷರುಗಳನ್ನು ಅವರು ಇಡುತ್ತಿದ್ದದ್ದು ಮಸಾಲೆ ಡಬ್ಬಿಗಳಲ್ಲಿ. ದೊಡ್ಡ ಬೋಲ್ಟು ಕೊತ್ತಂಬರಿ ಡಬ್ಬಿಗೆ, ಸಣ್ಣದ್ದು ಮೆಂತೆ ಡಬ್ಬಿಗೆ, ವಾಷರುಗಳು ಏಲಕ್ಕಿ ಡಬ್ಬಿಗೆ. ಹೇಳಿ, ಇದರಲ್ಲಿ ಆಗಬಾರದ್ದು ಆಗದೆ ಇದ್ದೀತೇ? ಒಂದು ಉಪನಯನದ ಊಟಕ್ಕೆ ನಾನೂ ಹೋಗಿದ್ದೆ. ಪಾಯಸದ ಹೊತ್ತಿಗೆ ಪಂಕ್ತಿಯ ನಡುವಿನಿಂದ 'ಕಟಕ್' ಎಂದು ಸದ್ದು. ನಿವೃತ್ತ ಹೆಡ್‌ಮಾಸ್ಟರೊಬ್ಬರು ಬಾಯಿಯಿಂದ ಒಂದು ಉಕ್ಕಿನ ಬಳೆಯನ್ನು ತೆಗೆದು ಎತ್ತಿ ಹಿಡಿದರು. ಇಡೀ ಪಂಕ್ತಿ ಕತ್ತು ಚಾಚಿ ಅತ್ತ ತಿರುಗಿತು! ಭಾವ ಸಟ್ಟುಗ ಸಮೇತ ಓಡಿಬಂದರು. ಕ್ಷಮೆ ಕೇಳುತ್ತಾರೆ, ಕಾಲಿಗೆ ಬೀಳುತ್ತಾರೆ ಎಂದು ನಾವು ನೋಡುತ್ತಿದ್ದರೆ, ಅವರು ವಾಷರನ್ನು ಹೆಗಲ ಮೇಲಿನ ಬೈರಾಸಿನಲ್ಲಿ ಒರೆಸಿ ಬೆಳಕಿಗೆ ಹಿಡಿದು, "ಸಿಕ್ಕಿತಾ! ಹದಿನೈದು ದಿವಸದಿಂದ ಇದನ್ನೇ ಹುಡುಕ್ತಾ ಇದ್ದೆ ಮಾಷ್ಟ್ರೇ!" ಎಂದು ಸೊಂಟಕ್ಕೆ ಸಿಕ್ಕಿಸಿಕೊಂಡರು. ಹೆಡ್‌ಮಾಸ್ಟರಿಗೆ ಮತ್ತೊಂದು ಸಟ್ಟುಗ ಪಾಯಸವನ್ನೂ ಬಡಿಸಿದರು.

ಸಂಜೆ ಇದನ್ನು ಅಕ್ಕನಿಗೆ ಹೇಳಿದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಿಲ್ಲಿಸಲಿಕ್ಕಾಗದೆ ನಕ್ಕಳು. ಕಾಲಿಗೆ ಪೆಟ್ಟಾದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಬಾಗಿಲ ಮರೆಯಲ್ಲಿ ಭಾವ ನಿಂತಿದ್ದರು, ಒಳಗೆ ಬರಲಿಲ್ಲ.

ಅಂತೂ ಎಂಜಿನ್ ಕೂತಿತು. ಅದರ ಕಂಪ್ಯೂಟರನ್ನು ಎಬ್ಬಿಸಲು ಮಂಗಳೂರಿನಿಂದ ಒಬ್ಬರು ಲ್ಯಾಪ್‌ಟಾಪ್ ಹಿಡಿದು ಬಂದು, ಎರಡು ದಿನ ಹೋಳಿಗೆ ತಿಂದು ಎಬ್ಬಿಸಿ ಹೋದರು. ಒಂದು ಭಾನುವಾರ ನಾನು ಪಾಠ ಮಾಡುವ ಶಾಲೆಯ ಮೈದಾನದಲ್ಲಿ ಪರೀಕ್ಷೆ. ಅಕ್ಕ ಬೇಡ ಬೇಡವೆನ್ನುತ್ತಲೇ ಹತ್ತಿದಳು. ಪಕ್ಕದಲ್ಲಿ ಭಾವ. ನಾನೂ ಅಂದುಚ್ಚನೂ ಗೋಲ್ ಪೋಸ್ಟಿನ ಹಿಂದೆ. ಪಿಕಪ್ಪು ಸದ್ದಿಲ್ಲದೆ ಹೊರಟಿತು, ಅರ್ಧ ಮೈದಾನ ಚೆಂದವಾಗಿಯೇ ಹೋಯಿತು. ತಿರುವಿನಲ್ಲಿ ಅಕ್ಕನ ಎಡಗಾಲು, ಇಪ್ಪತ್ತೆಂಟು ವರ್ಷದ ರೂಢಿ, ಕ್ಲಚ್ಚು ಹುಡುಕಿಕೊಂಡು ಹೋಗಿ ಸಿಕ್ಕಿದ್ದನ್ನು ಒತ್ತಿತು. ಸಿಕ್ಕಿದ್ದು ಬ್ರೇಕು. ಹೊಸ ಬ್ರೇಕು, ಮುಟ್ಟಿದರೆ ಸಾಕು ಹಿಡಿಯುವಂಥದ್ದು! ಗಾಡಿ ಗಕ್ಕನೆ ನಿಂತಿತು, ಭಾವನ ಹಣೆ ಗಾಜಿಗೆ ಬಡಿಯಿತು. ನಾವು ಓಡಿಹೋದರೆ, ಹಣೆಯಲ್ಲಿ ಬೋಂಡದಷ್ಟು ಊದಿಸಿಕೊಂಡ ಭಾವ, "ಬ್ರೇಕ್ ಒಳ್ಳೆದುಂಟು ಅಂದುಚ್ಚ" ಎಂದರು.

ಅಕ್ಕ ನಗಲಿಲ್ಲ. ಇಳಿದು, ಸ್ವಲ್ಪ ಕುಂಟುತ್ತ, ಮೈದಾನ ದಾಟಿ ನಡೆದಳು. "ನನ್ನಿಂದಾಗದು. ನಾಳೆ ಯಾರನ್ನಾದ್ರೂ ಕೊಂದೇನು. ಇದು ಸಾಕು, ಇನ್ನು ನನ್ನನ್ನು ಕರೀಬೇಡಿ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಅಷ್ಟು ತಿಂಗಳ ಹುಚ್ಚಾಟ ಇಲ್ಲಿಗೆ ಮುಗಿಯಿತು ಎಂದೇ ನನಗನಿಸಿತು.

ಭಾವ ಮೂರು ದಿನ ಹಟ್ಟಿಯ ಪಕ್ಕದ ಗಾಡಿ ನಿಲ್ಲಿಸುವ ಕೊಟ್ಟಿಗೆಯಿಂದ ಹೊರಗೆ ಬರಲಿಲ್ಲ. ನಾಲ್ಕನೆಯ ದಿನ ನನ್ನನ್ನು ಕರೆದು ತೋರಿಸಿದರು. ಬ್ರೇಕಿನ ಎಡಗಡೆ, ಮೊದಲು ಕ್ಲಚ್ಚು ಇದ್ದ ಜಾಗದಲ್ಲೇ, ಹಳೆಯ ಕ್ಲಚ್ಚಿನ ಪೆಡಲನ್ನು ಅಂದುಚ್ಚನಿಂದ ಮತ್ತೆ ಕೂರಿಸಿದ್ದರು. ಹಿಂದೆ ಒಂದು ಸ್ಪ್ರಿಂಗು. ಬೇರೆ ಏನಿಲ್ಲ.

"ಇದು ಯಾವುದಕ್ಕೆ ಕನೆಕ್ಷನ್ ಭಾವ?"

"ಎಂತದಕ್ಕೂ ಇಲ್ಲ. ಅವಳ ಕಾಲು ಹುಡುಕ್ತದಲ್ಲ, ಹುಡುಕುವಾಗ ಅಲ್ಲಿ ಅದು ಇರ್ಬೇಕು."

ಅಕ್ಕನನ್ನು ಮತ್ತೆ ಹತ್ತಿಸಲು ಒಂದು ವಾರ ಹಿಡಿಯಿತು. ಈ ಸಲ ಭಾವ ತಲೆಗೆ ಮುಂಡಾಸು ಸುತ್ತಿಕೊಂಡು ಕೂತರು. ತಿರುವಿನಲ್ಲಿ ಅವಳ ಎಡಗಾಲು ಹುಡುಕಿತು, ಸಿಕ್ಕಿದ್ದನ್ನು ಒತ್ತಿತು, ಗಾಡಿ ತನ್ನ ಪಾಡಿಗೆ ಹೋಯಿತು. ಮೈದಾನಕ್ಕೆ ಹನ್ನೊಂದು ಸುತ್ತು! ಇಳಿಯುವಂತೆ ನಾವೇ ಕೈಮುಗಿಯಬೇಕಾಯಿತು.

ಕೊನೆಗೆ ಉಳಿದದ್ದು ಕಾಸರಗೋಡಿನಲ್ಲಿ ವಾಹನ ತಪಾಸಣೆ. ಎಂಜಿನ್ ಬದಲಾಯಿಸುವ ಮೊದಲೇ ಅರ್ಜಿ ಕೊಟ್ಟಿದ್ದೆವು. ಮಲಯಾಳದ ಆ ಫಾರಂ ತುಂಬಿಸಿದವನು ನಾನು. ಬದಲಾವಣೆಗೆ ಕಾರಣವೇನು ಎಂಬಲ್ಲಿ "ಹೆಂಡತಿಯ ಎಡಗಾಲು ಅಂತ ಬರಿ" ಎಂದಿದ್ದರು ಭಾವ. ಹಾಗೆ ಬರೆಯುವುದಲ್ಲ ಎಂದರೆ, "ನನ್ನ ಹತ್ರ ಬೇರೆ ಕಾರಣ ಇಲ್ಲ" ಎಂದರು. ಬರೆದಿದ್ದೆ. ಇನ್‌ಸ್ಪೆಕ್ಟರ್ ಒಬ್ಬ ಹೆಂಗಸು. ಕಾಗದ ಓದಿ, ಕನ್ನಡಕದ ಮೇಲಿಂದ ಅಕ್ಕನ ಪಾದ ನೋಡಿದರು. ಬಗ್ಗಿ ಗಾಡಿಯೊಳಗೆ ನೋಡಿ, "ಈ ಮೂನ್ನಾಮತ್ತೆ ಪೆಡಲ್ ಎಂದಿನಾ?" ಎಂದರು. ಮೂರನೆಯ ಪೆಡಲ್ ಯಾಕೆ ಎಂದು. ಭಾವ ತಮ್ಮ ಹರುಕುಮುರುಕು ಮಲಯಾಳದಲ್ಲಿ "ಅದ್... ಚುಮ್ಮಾ" ಎಂದರು. ಸುಮ್ಮನೆಯಂತೆ! ಆಕೆ ಕೈಯಿಂದ ಒತ್ತಿ ನೋಡಿದರು, ಯಾವುದಕ್ಕೂ ತಾಗುವುದಿಲ್ಲವೆಂದು ಖಾತ್ರಿ ಮಾಡಿಕೊಂಡರು, ನಗು ನುಂಗಿಕೊಂಡು ಸಹಿ ಹಾಕಿದರು.

ಇದೆಲ್ಲ ಆಗಿ ಐದು ತಿಂಗಳು. ಅಕ್ಕ ಮತ್ತೆ ಮದುವೆಮನೆಗಳಿಗೆ ಪಾತ್ರೆ ಹೇರಿಕೊಂಡು ಹೋಗುತ್ತಿದ್ದಾಳೆ, ಮಾತೂ ಮೊದಲಿನಷ್ಟೇ ಆಗಿದೆ, ಕೆಲವೊಮ್ಮೆ ಸ್ವಲ್ಪ ಜಾಸ್ತಿಯೇ. ಮೊನ್ನೆ ನಾನು ಭಾವನ ಕೊಟ್ಟಿಗೆಯಲ್ಲಿ ಸುತ್ತಿಗೆ ಹುಡುಕುತ್ತಿದ್ದೆ. ಗೋಡೆಯಲ್ಲಿ ಸಾಲಾಗಿ ಐದು ಮೊಳೆ, ಪ್ರತಿ ಮೊಳೆಗೂ ಒಂದು ಚೀಟಿ, ಚೀಟಿಯಲ್ಲಿ ನಮ್ಮ ಕಡೆಯ ಸೌರಮಾನದ ತಿಂಗಳ ಹೆಸರು: ಸಿಂಹ, ಕನ್ಯಾ, ತುಲಾ, ವೃಶ್ಚಿಕ, ಧನು. ಮೊದಲ ನಾಲ್ಕರಲ್ಲಿ ಒಂದೊಂದು ಸ್ಪ್ರಿಂಗು, ಒಂದಕ್ಕಿಂತ ಇನ್ನೊಂದು ದಪ್ಪ. ಈಗ ನಡೆಯುತ್ತಿರುವುದು ಧನು. ಆ ಮೊಳೆ ಖಾಲಿಯಿತ್ತು. ಅದರ ಸ್ಪ್ರಿಂಗು ಎಲ್ಲಿರಬಹುದೆಂದು ಹೊಳೆದಾಗ ನಾನು ಸುತ್ತಿಗೆಯನ್ನು ಮರೆತೆ. ಡಾಕ್ಟರು ಹೇಳಿದ ವ್ಯಾಯಾಮ ಮಾಡದ ಹೆಂಡತಿಗೆ ಈ ಮನುಷ್ಯ ಗೊತ್ತಾಗದ ಹಾಗೆ ಮಾಡಿಸುತ್ತಿದ್ದಾರೆ!

ಅದೇ ದಿನ ಅಕ್ಕನೊಡನೆ ಪೇಟೆಗೆ ಹೊರಟೆ. ಹತ್ತಿ ಕೂತು, ಹೇಳಲೋ ಬೇಡವೋ ಎಂದು ಬಾಯಿ ತೆರೆದೆ.

"ಸ್ಪ್ರಿಂಗಿನ ವಿಷಯವಾ?" ಎಂದಳು ಅಕ್ಕ. "ಎರಡನೇ ತಿಂಗಳೇ ಗೊತ್ತಾಗಿದೆ ನಂಗೆ. ನೀನು ಅವರ ಹತ್ರ ಹೇಳ್ಬೇಡ ಆಯ್ತಾ? ಆ ಕೊಪ್ಪರಿಗೆ ಬಿದ್ದದ್ದು ತನ್ನಿಂದಾಂತ ಇವತ್ತಿಗೂ ಅವರ ಮನಸ್ಸಿನಲ್ಲಿ ಉಂಟು. ಹೊಸ ಸ್ಪ್ರಿಂಗ್ ಹಾಕಿದ ದಿನ ನಾನು ಗಾಡಿಯಿಂದ ಇಳಿವಾಗ ಮುಖವನ್ನೇ ನೋಡ್ತಾ ನಿಲ್ತಾರೆ, ನೋವಾಯ್ತಾ ಅಂತ. ನೋವಾಗ್ತದೆ. ಆದ್ರೂ ನಾನು ನಗಾಡ್ತಾ ಇಳೀತೇನೆ."

ಅಕ್ಕ ಸೆರಗು ಸಿಕ್ಕಿಸಿಕೊಂಡು, ಯಾವುದಕ್ಕೂ ತಾಗದ ಆ ಪೆಡಲನ್ನು ಹಲ್ಲು ಕಚ್ಚಿ ತಳದವರೆಗೆ ಒತ್ತಿದಳು, ಆಮೇಲೆ ಗಾಡಿ ಹೊರಡಿಸಿದಳು.