ಕೊನೆಗೆ ಕೈಯಿಟ್ಟವನ ಪಾಡು

ಇಡೀ ರಾದ್ಧಾಂತಕ್ಕೆ ಕಾರಣ ಒಂದೇ ಒಂದು ಅಕ್ಷರದಷ್ಟು ಜಾಗ. ಆದರೆ ಅದು ಗೊತ್ತಾಗಿದ್ದು ಸಾಯಂಕಾಲಕ್ಕೆ. ಬೆಳಿಗ್ಗೆ ಸಿಡಿಮದ್ದಿಗೆ ಗೊತ್ತಿದ್ದದ್ದು ಇಷ್ಟು: ಕಂಪನಿಯ ವೆಬ್ ಸರ್ವರ್ ತಂತ್ರಾಂಶ ಆಫೀಸಿನ ಎಲ್ಲ ಕಂಪ್ಯೂಟರುಗಳಲ್ಲೂ ಸುಖವಾಗಿ ಓಡುತ್ತಿದೆ, ಗ್ರಾಹಕರು ಹೊಸದಾಗಿ ಕೊಂಡ ಬೇರೆ ಜಾತಿಯ ಯಂತ್ರದಲ್ಲಿ ಮಾತ್ರ ಗಳಿಗೆಗೊಮ್ಮೆ ಗೋಣು ಚೆಲ್ಲುತ್ತಿದೆ.

ಸಿಡಿಮದ್ದು ಎಂಬುದು ಸಹೋದ್ಯೋಗಿಗಳು ಇಟ್ಟ ಹೆಸರು. ಅವನಿಗೆ ಮೂಗಿನ ತುದಿಯಲ್ಲೇ ಕೋಪವಂತೆ. ಆ ಆಫೀಸಿನಲ್ಲಿ ಒಂದು ದಿನ ಕೂತರೆ ಮೂಗೇ ಇಲ್ಲದವನಿಗೂ ಕೋಪ ಬರುತ್ತದೆ.

ಅವತ್ತು ಸಂಜೆ ಅವನು ನಾದಿನಿಯ ಮದುವೆಗೆ ರೈಲು ಹತ್ತಬೇಕಿತ್ತು. ಭಾವಮೈದುನನ ಮದುವೆಯನ್ನು ಇದೇ ಸರ್ವರಿನ ದೆಸೆಯಿಂದ ತಪ್ಪಿಸಿಕೊಂಡಿದ್ದ. ಹಾಗಾಗಿ ಹೆಂಡತಿ ಬೆಳಿಗ್ಗೆಯೇ ಹೇಳಿಬಿಟ್ಟಿದ್ದಳು: “ಈ ಸಲಾನೂ ಬರ್ಲಿಲ್ಲ ಅಂದ್ರೆ ನಾನು ಅಮ್ಮನ ಮನೇಲೇ ಇದ್ದುಬಿಡ್ತೀನಿ. ನೀವು ಆ ಸರ್ವರ್ ಜೊತೆಗೇ ಸಂಸಾರ ಮಾಡ್ಕೊಳ್ಳಿ.”

ಮ್ಯಾನೇಜರು ಗ್ರಾಹಕರ ಯಂತ್ರವನ್ನು ತರಿಸಿ ಅವನ ಮೇಜಿನ ಮೇಲೆ ಕುಕ್ಕಿದರು. “ರಜೆ ಇಲ್ಲ ಅಂತೀನೇನಪ್ಪಾ? ಇದನ್ನ ಸರಿ ಮಾಡು, ಹೊರಡು.”

ಯಂತ್ರದ ಸುತ್ತ ಜನ ನೆರೆದರು. ಎಲ್ಲರ ಕೈಗಳೂ ಜೇಬಿನಲ್ಲಿ. ಕೋಡನ್ನು ತಿದ್ದಿ ಗ್ರಾಹಕರಿಗೆ ಕಳಿಸಲು ಕೊನೆಗೆ ಗುಂಡಿ ಒತ್ತಿದವರ ಹೆಸರು ದಾಖಲಾಗುತ್ತದೆ, ಒಂದು ವಾರ ಅದಕ್ಕೆ ಅವರೇ ಹೊಣೆ, ಆ ವಾರ ಅವರಿಗೆ ರಜೆಯಿಲ್ಲ. ಮ್ಯಾನೇಜರೇ ಮಾಡಿದ ಘನ ನಿಯಮ. ಕೈಗೆ ನಿಯಮವುಂಟು, ಬಾಯಿಗೆ ಇಲ್ಲವಲ್ಲ!

“ಒಂದ್ಸಲ ಆಫ್ ಮಾಡಿ ಆನ್ ಮಾಡಿ ನೋಡಿದ್ರಾ?” ಎಂದ ಲೆಕ್ಕಪತ್ರದವನು.

“ನನ್ನ ಕಂಪ್ಯೂಟರ್‌ನಲ್ಲಿ ಚೆನ್ನಾಗೇ ಓಡ್ತಿದೆಯಲ್ಲ,” ಎಂದಳು ತಂತ್ರಾಂಶ ಪರೀಕ್ಷಿಸುವ ಅಕ್ಕ.

“ಹಾಗಾದ್ರೆ ನಿಮ್ಮ ಕಂಪ್ಯೂಟರನ್ನೇ ಗ್ರಾಹಕರ ಮನೆಗೆ ಹೊತ್ಕೊಂಡು ಹೋಗಿ ಕೊಡಿ!” ಎಂದು ಸಿಡಿಮದ್ದು ಸಿಡಿದ.

ಸರ್ವರು ಎಲ್ಲಿ ಸಾಯುತ್ತಿದೆ ಎಂದು ನೋಡಲು ಅವನು ಕೋಡಿನ ನಡುವೆ ‘ಇಲ್ಲಿಯವರೆಗೆ ಬಂದೆ’ ಎಂದು ಬರೆಯುವ ಒಂದು ಸಾಲು ಸೇರಿಸಿದ. ಸರ್ವರು ಸಾಯಲೇ ಇಲ್ಲ. ಸಾಲು ತೆಗೆದ. ಸತ್ತಿತು. ಮತ್ತೆ ಸೇರಿಸಿದ. ಬದುಕಿತು. ಅವನ ಪಿತ್ತ ನೆತ್ತಿಗೇರಿತು.

“ಆ ಸಾಲು ಅಲ್ಲೇ ಇರ್ಲಿ ಬಿಡಿ, ಪಾಪ. ಅದು ನಿಮಗೇನು ಮಾಡ್ತು?” ಎಂದಳು ಅಕ್ಕ.

ಸಿಡಿಮದ್ದು ಹಲ್ಲು ಕಡಿದ. ಊಟ ಬಿಟ್ಟ. ಹೆಂಡತಿಯ ಫೋನು ಎರಡು ಸಲ ಬಂತು. ಎರಡು ಸಲವೂ “ಹೊರಟೆ ಹೊರಟೆ” ಎಂದು ಸುಳ್ಳು ಹೇಳಿದ. ಲೆಕ್ಕಪತ್ರದವನು ಕಿಟಕಿ ತೆರೆದು, ಯಂತ್ರಕ್ಕೆ ಸೆಖೆಯಾಗಿರಬೇಕು ಎಂದ. ಅವನನ್ನು ಅದೇ ಕಿಟಕಿಯಿಂದ ಆಚೆ ತಳ್ಳುವಷ್ಟು ಸಿಟ್ಟು ಬಂದರೂ ಸಿಡಿಮದ್ದು ಕೋಡನ್ನು ಒಂದೊಂದೇ ಸಾಲಾಗಿ ಜಾಲಾಡಿದ.

ಕೊನೆಗೂ ಸಿಕ್ಕಿತು. ಜಾಲತಾಣಕ್ಕೆ ಬಂದವರು ಕೇಳುವ ಪುಟದ ವಿಳಾಸವನ್ನಿಡಲು ಸರ್ವರು ಮೆಮೊರಿಯಲ್ಲಿ ಜಾಗ ಕಾಯ್ದಿರಿಸುತ್ತಿತ್ತು. ವಿಳಾಸದ ಕೊನೆಗೊಂದು ಮುಕ್ತಾಯದ ಗುರುತು ಬೇಕು; ಯಾವನೋ ಪುಣ್ಯಾತ್ಮ ಅದಕ್ಕೆ ಜಾಗ ಇಡಲು ಮರೆತಿದ್ದ. ಮೂವರ ಬೆಂಚಿನಲ್ಲಿ ನಾಲ್ಕನೆಯವನು ಕೂತಂತೆ. ಆಫೀಸಿನ ಯಂತ್ರಗಳು ಪಕ್ಕದಲ್ಲಿ ಸ್ವಲ್ಪ ಜಾಗ ಖಾಲಿ ಬಿಡುತ್ತಿದ್ದರಿಂದ ಹೇಗೋ ನಡೆದಿತ್ತು. ಹೊಸ ಯಂತ್ರ ಜಿಪುಣ. ನಾಲ್ಕನೆಯವನು ಸೀದಾ ಪಕ್ಕದವನ ತೊಡೆಯ ಮೇಲೆ. ಆ ಹೆಚ್ಚುವರಿ ಸಾಲು ಸೇರಿಸಿದಾಗ ಪಕ್ಕದವನು ಸರಿದು ಕೂರುತ್ತಿದ್ದ, ಅಷ್ಟೆ.

ಅವನು ಒಂದು ಅಕ್ಷರದ ಜಾಗ ಕೂಡಿಸಿದ. ಯಂತ್ರವನ್ನು ಹೇಗೆ ಹಿಂಡಿದರೂ ಸರ್ವರು ಸಾಯಲಿಲ್ಲ.

“ಭೇಷ್!” ಎಂದರು ಮ್ಯಾನೇಜರು. “ಗುಂಡಿ ಒತ್ತಿ ಕಳಿಸಿಬಿಡು. ಆಮೇಲೆ ನಿಯಮ ಗೊತ್ತಲ್ಲ? ವಾರ ಇಲ್ಲೇ ಇರ್ಬೇಕಾಗುತ್ತೆ.”

“ಸರಿ ಮಾಡಿ ಹೊರಡು ಅಂದಿದ್ರಿ!”

“ಅಂದಿದ್ದೆ. ನಿಯಮಾನೂ ನಾನೇ ಅಂದಿದ್ದು.”

ಸಿಡಿಮದ್ದಿನ ಮೈಯೆಲ್ಲ ಉರಿಯಿತು. ಆದರೆ ಅವತ್ತು ಮೊದಲ ಸಲ ಅವನು ಸಿಡಿಯಲಿಲ್ಲ. ಗ್ರಾಹಕ ಕಂಪನಿಯ ಯಜಮಾನರಿಗೆ ವಿಡಿಯೋ ಕರೆ ಮಾಡಿ, ತೆರೆಯನ್ನು ಮ್ಯಾನೇಜರ ಕಡೆ ತಿರುಗಿಸಿದ. “ಸಾರ್, ನಮ್ಮ ಮ್ಯಾನೇಜರೇ ಖುದ್ದಾಗಿ ಕೂತು ಸರಿ ಮಾಡಿದ್ದು. ಈಗ ಅವರ ಕೈಯಾರೆ ಕಳಿಸ್ತಾರೆ, ನೋಡಿ.”

“ಓಹೋ! ಮ್ಯಾನೇಜರ್ ಅಂದ್ರೆ ಹೀಗಿರ್ಬೇಕು!” ಎಂದರು ಯಜಮಾನರು.

ಮ್ಯಾನೇಜರ ಮುಖ ಅರಳಿತು. ಕೂದಲು ನೇವರಿಸಿಕೊಂಡು, ನಿಯಮವನ್ನೆಲ್ಲ ಮರೆತು, ಗತ್ತಿನಿಂದ ಗುಂಡಿ ಒತ್ತಿದರು. ತೆರೆಯ ಮೇಲೆ ಅವರ ಹೆಸರು ಮೂಡಿತು. ಹಿಂದಿರುಗಿ ನೋಡಿದರೆ ಸಿಡಿಮದ್ದು ಮೆಟ್ಟಿಲಿಳಿದಾಗಿತ್ತು.

ಅವನು ಓಡುತ್ತ ಬಂದು ರೈಲು ಹತ್ತಿದಾಗ ಹೆಂಡತಿ ಕಣ್ಣನ್ನೇ ನಂಬಲಿಲ್ಲ. “ಬಂದೇ ಬಿಟ್ರಲ್ಲ!” ಎಂದು ಪಕ್ಕದಲ್ಲಿ ಜಾಗ ಮಾಡಿದಳು. ಎಷ್ಟೋ ದಿನದ ಮೇಲೆ ಅವಳು ನಕ್ಕಿದ್ದು. ಸಿಡಿಮದ್ದೂ ನಕ್ಕ.

ಅಷ್ಟರಲ್ಲಿ ಏದುಸಿರು ಬಿಡುತ್ತ ಒಬ್ಬರು ಬೋಗಿಯೊಳಗೆ ಬಂದರು. ಒಂದು ಕೈಯಲ್ಲಿ ಲ್ಯಾಪ್‌ಟಾಪು, ಇನ್ನೊಂದರಲ್ಲಿ ಸೂಟ್‌ಕೇಸು.

“ನಿಯಮ ಅಂದ್ಮೇಲೆ ನಿಯಮಾನೇ,” ಎಂದರು ಮ್ಯಾನೇಜರು. “ವಾರ ಪೂರ್ತಿ ಹೊಣೆ ನಂದು. ಆದ್ರೆ ನಂಗೆ ಅದರ ತಲೆಬುಡ ಗೊತ್ತಿಲ್ವಲ್ಲ? ಅದಕ್ಕೇ ನೀನೆಲ್ಲೋ ನಾನಲ್ಲೇ. ಮದುವೆ ಮನೇಲಿ ನನಗೊಂದು ಕೋಣೆ ಸಿಗುತ್ತೆ ತಾನೇ?” ಆಮೇಲೆ ಸಿಡಿಮದ್ದಿನ ಹೆಂಡತಿಯ ಕಡೆ ತಿರುಗಿದರು. “ಸ್ವಲ್ಪ ಎದ್ದು ಆ ಕಡೆ ಕೂತ್ಕೋತೀಯಾ ತಾಯಿ? ನಾವಿಬ್ರೂ ಪಕ್ಕಪಕ್ಕ ಇರ್ಬೇಕು.”

ಹೆಂಡತಿ ಎದ್ದಳು, ಚೀಲ ಎತ್ತಿಕೊಂಡು ಬೋಗಿಯ ಆ ತುದಿಗೆ ಹೋಗಿ ಕೂತಳು. ರೈಲು ಹೊರಟಿತು.